ಬೀನ್ಸ್ ಗಿಡದ ಅಳತೆ

ಜನವರಿ 9, ಸಂಜೆ 6.30

ಇಲ್ಲಿಯವರೆಗಿನ ಖರ್ಚು: ಬೀನ್ಸ್ ಬೀಜ ಎರಡು, ಖಾಲಿ ಡಬ್ಬಿ ಎರಡು, ಹಾಲುಹಲ್ಲು ಒಂದು, ದೊಡ್ಡವಳ ಕೆನ್ನೆಯ ಮೇಲೆ ಉಗುರಿನ ಗೀರು ಮೂರು. ಹಲ್ಲು ಚಿಕ್ಕವಳದು. ಹೇಗೂ ಬೀಳುವುದಿತ್ತು. ಅಕ್ಕನ ಮೊಣಕೈ ನಾಲ್ಕು ದಿನ ಮೊದಲೇ ಬೀಳಿಸಿತು, ಅಷ್ಟೇ.

ಟೀಚರ್ ಹೇಳಿಕಳಿಸಿದ್ದು — ಮಕ್ಕಳ ಕೈಯಿಂದ ಮನೆಯಲ್ಲೇ ಒಂದು ಗಿಡ ಬೆಳೆಸಿ, ಪ್ರಕೃತಿಯನ್ನು ಕಾಪಾಡುವುದು ಕಲಿಯುತ್ತಾರೆ. ಮಗಳು ಆ ಕೆಲಸವನ್ನು ನನಗೆ ದಾಟಿಸಿದಳು. ಮೊಮ್ಮಕ್ಕಳಿಬ್ಬರೂ ಮೂರರಿಂದ ಆರರವರೆಗೆ ಇರುವುದು ನನ್ನ ಟೈಲರಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲೇ. ದೊಡ್ಡವಳಿಗೆ ಒಂಬತ್ತು, ಚಿಕ್ಕವಳಿಗೆ ಆರು.

ಅಂಗಡಿಯಲ್ಲಿ ಆರು ಹೆಂಗಸರು ಹೊಲಿಯುತ್ತಾರೆ. ಯಾರು ಎಷ್ಟು ಮುಗಿಸಿದರೆಂದು ಬೋರ್ಡಿನ ಮೇಲೆ ಬರೆಯಲು ಶುರುಮಾಡಿದ ದಿನದಿಂದ ಕೈ ಓಡುತ್ತಿದೆ. ಗಿಡಕ್ಕೂ ಅದನ್ನೇ ಮಾಡಿದೆ. ಟೇಪು ಹಿಡಿದು ಅಳತೆ, ಮೆಷಿನ್ನುಗಳ ಪಕ್ಕದ ಗೋಡೆಗೆ ಚಾಕ್ ಗೆರೆ, ಗೆದ್ದವಳಿಗೆ ಸ್ಯಾಟಿನ್ ಫ್ರಾಕು.

ಮಗಳು ಹಲ್ಲು ನೋಡಿದಳು. "ಅಮ್ಮಾ, ಇವರು ನಿನ್ನ ಕೆಲಸದವರಲ್ಲ. ಇನ್ನೊಂದು ಸಲ ರಕ್ತ ಬಂತೋ, ಮಕ್ಕಳನ್ನ ಇಲ್ಲಿ ಬಿಡಲ್ಲ."

"ಪೈಪೋಟಿ ಇಲ್ದೆ ನೀನು ಓದಿದ್ಯಾ?"

"ನಿನ್ನ ಏಟಿಗೆ ಹೆದರಿ ಓದಿದೆ."

ಇವಳ ಜೊತೆ ವಾದ ಅಂದರೆ ನಷ್ಟದ ವ್ಯಾಪಾರ.

ಜನವರಿ 13

ದೊಡ್ಡವಳದು ಹನ್ನೊಂದು ಇಂಚು, ಚಿಕ್ಕವಳದು ಎಂಟೂವರೆ. ಆದರೂ ದೊಡ್ಡವಳಿಗೆ ನೆಮ್ಮದಿಯಿಲ್ಲ. ತಂಗಿಯ ಗೊಂಬೆಯ ತಲೆ ಕತ್ತರಿಸಿ, ಗೊಬ್ಬರ ಅಂತ ತನ್ನ ಡಬ್ಬಿಯಲ್ಲಿ ಹೂತಿದ್ದಾಳೆ. ಕೂದಲು ಮಣ್ಣಿನ ಮೇಲೆ ಇಣುಕುತ್ತಿದೆ.

ಚಿಕ್ಕವಳು ಅತ್ತು ಮುಗಿಸಿ, ಎರಡೂ ಗಿಡಕ್ಕೆ ಊಟ ಆಯ್ತಾ ಅಂತ ಕೇಳಿದಳು.

"ಎದುರಾಳಿ ಗಿಡನೂ ಯಾಕೆ ವಿಚಾರಿಸ್ತೀಯೇ?"

"ಅದೂ ಪುಟ್ಟದೇ ಅಲ್ವಾ ಅಜ್ಜಿ."

ವ್ಯಾಪಾರಕ್ಕೆ ಆಗದ ಕೂಸು.

ಜನವರಿ 16, 5.40, ಆಸ್ಪತ್ರೆ

ಬಿಲ್ ಬುಕ್ಕಿನ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ.

ದೊಡ್ಡವಳ ಗಿಡ ಬೆಂದುಹೋಗಿತ್ತು. ಬೇಯಿಸಿದ ಸೊಪ್ಪಿನ ಹಾಗೆ ಡಬ್ಬಿಯ ಅಂಚಿಗೆ ಜೋತುಬಿದ್ದಿತ್ತು. ಪಕ್ಕದಲ್ಲಿ ಕೆಟಲ್. ಕೆಟಲಿನ ಪಕ್ಕ ಚಿಕ್ಕವಳು. ಒಂದು ಕ್ಷಣ — ಸುಳ್ಳೇಕೆ — ಮೆಚ್ಚಿದೆ. ಪರವಾಗಿಲ್ಲ, ಇವಳಿಗೂ ಬುದ್ಧಿ ಬಂತು ಅಂದುಕೊಂಡೆ.

ದೊಡ್ಡವಳು ದಾರ ಕತ್ತರಿಸುವ ಕತ್ತರಿ ಎತ್ತಿಕೊಂಡು ತಂಗಿಯ ಗಿಡದತ್ತ ಹೋದಳು. ನೋಡಿದೆ. ಬಿಟ್ಟೆ. ಒಂದಕ್ಕೆ ಒಂದು, ಚುಕ್ತಾ ಆಗಲಿ ಅಂತ. ಚಿಕ್ಕವಳು ಕೈ ಅಡ್ಡ ಇಟ್ಟಳು. ಕತ್ತರಿ ಹೆಬ್ಬೆರಳಿನ ಬುಡಕ್ಕೆ ಕಚ್ಚಿತು. ಬೆರಳೆಂದು ಕಂಡ ಮೇಲೂ ದೊಡ್ಡವಳು ಒತ್ತಿದಳು.

ಗಿರಾಕಿಯ ಬಿಳಿ ಬಟ್ಟೆ ಪೂರ್ತಿ ಕೆಂಪು. ನಾನು ದೊಡ್ಡವಳ ಕಿವಿಯ ಮೇಲೆ ಬಾರಿಸಿದೆ. ಮೂವತ್ತು ವರ್ಷ ಕತ್ತರಿ ಹಿಡಿದ ಕೈ. ಅವಳು ಹೋಗಿ ಮೆಷಿನ್ನಿನ ಕಾಲಿಗೆ ಬಡಿದು ಬಿದ್ದಳು. ಕಿವಿಯಿಂದ ರಕ್ತ. ಆರು ಹೆಂಗಸರೂ ಪೆಡಲು ನಿಲ್ಲಿಸಿದರು.

6.15

ಹೊಲಿಗೆ ಹಾಕುವಾಗ ಚಿಕ್ಕವಳನ್ನು ಕೇಳಿದೆ, ಬಿಸಿನೀರು ಯಾಕೆ ಸುರಿದೆ?

"ಅಕ್ಕನ ಗಿಡ ನಡುಗ್ತಿತ್ತು, ಕಿಟಕಿ ಗಾಳಿಗೆ. ನಂಗೆ ಚಳಿ ಆದ್ರೆ ನೀನು ಕಾಲಿಗೆ ಬಿಸಿನೀರು ಹಾಕ್ತೀಯಲ್ಲ... ಹಂಗೇ ಹಾಕ್ದೆ."

ದೊಡ್ಡವಳು ಪಕ್ಕದ ಬೆಂಚಿನಲ್ಲಿದ್ದಳು. ಒಳ್ಳೆಯ ಕಿವಿ ಇತ್ತ ತಿರುಗಿಸಿ ಕೇಳಿಸಿಕೊಂಡಳು. ಆಮೇಲೆ ಗೋಡೆ ನೋಡುತ್ತ ಕೂತಳು.

ನರ್ಸ್ ಕೇಳಿದಳು, "ನಿನ್ನ ಕಿವಿಗೆ ಯಾರಮ್ಮಾ ಹೊಡೆದದ್ದು?"

"ಬಿದ್ದೆ."

ಬಾಯಿಯಿಂದಲೇ ಬದುಕಿದವಳು ನಾನು. ನಾನು ಹೊಡೆದೆ ಅನ್ನಲು ಬಾಯಿ ಬರಲಿಲ್ಲ.

ಜನವರಿ 17

ಬೆಳಗ್ಗೆ ಮಗಳು ಅಂಗಡಿಗೆ ಬಂದಳು. ಉಳಿದ ಡಬ್ಬಿಯನ್ನು ಎತ್ತಿ ಚಾಕ್ ಗೆರೆಗಳ ಮೇಲೆ ಅಪ್ಪಳಿಸಿದಳು. ಪಕ್ಕದಲ್ಲೇ ನಿಂತಿದ್ದೆ. ತಗಡಿನ ಅಂಚು ಹಣೆ ಸೀಳಿತು. ಬೇಕೆಂದೇ ಎಸೆದಳೋ ಏನೋ. ಕೇಳಲಿಲ್ಲ.

"ದೊಡ್ಡೋಳು ನನ್ನ ಹತ್ರನೂ ಬಿದ್ದೆ ಅಂದ್ಲು. ಸ್ಕೂಲಲ್ಲಿ ನಾನೂ ಟೀಚರ್ ಹತ್ರ ಹಂಗೇ ಹೇಳ್ತಿದ್ದೆ. ನನ್ನ ಕಿವಿ ಗಟ್ಟಿ ಇತ್ತು, ಅಷ್ಟೇ."

ಕೂಗಲಿಲ್ಲ. ಮಕ್ಕಳ ಬಟ್ಟೆ, ಪುಸ್ತಕ, ಬಣ್ಣದ ಪೆನ್ಸಿಲು ಚೀಲಕ್ಕೆ ತುಂಬಿಕೊಂಡು ಹೋದಳು.

ಜನವರಿ 29, ಮಧ್ಯಾಹ್ನ

ಒಬ್ಬೊಬ್ಬರಿಗೆ ದಕ್ಕಿದ್ದು:

ಚಿಕ್ಕವಳಿಗೆ ಏಳು ಹೊಲಿಗೆ, ಅರ್ಧ ಮಾತ್ರ ಮಡಚುವ ಹೆಬ್ಬೆರಳು.

ದೊಡ್ಡವಳಿಗೆ ಎಡಗಿವಿಯಲ್ಲಿ ದಿನವಿಡೀ ಶಿಳ್ಳೆ. ಊಟದಲ್ಲಿ ತಂಗಿಗೆ ತುತ್ತು ಕಲಸಿ ಕೊಡುವ ಕೆಲಸ, ಯಾರೂ ಹೇಳದೆ ತಾನೇ ಹಚ್ಚಿಕೊಂಡದ್ದು.

ಮಗಳಿಗೆ, ಮಕ್ಕಳನ್ನು ನೋಡಿಕೊಳ್ಳಲು ಪಕ್ಕದ ಮನೆಯಾಕೆ. ಆಕೆ ದನಿ ಏರಿಸುವುದೇ ಇಲ್ಲವಂತೆ.

ಟೀಚರಿಗೆ, ಗಿಡ ಬರಲಿಲ್ಲ ಅನ್ನುವ ಚೀಟಿ.

ನನಗೆ ದಿನಕ್ಕೆ ಮೂರು ಗಂಟೆ ಬಿಡುವು. ಇವತ್ತು ಮೂರು ಹೊಡೆದಾಗ ಎದ್ದು, ಹಿಂಬಾಗಿಲು ತೆಗೆದು ನಿಂತೆ, ಮಕ್ಕಳು ಬರುವ ಹೊತ್ತೆಂದು.