ಶನಿವಾರದೊಳಗೆ ಇಳಿಸಬೇಕಾದ ಫೋಟೋ

ಮಾನ್ಯ ಮ್ಯಾನೇಜರ್ ಸಾಹೇಬರಿಗೆ,

ಹದಿನೈದು ವರ್ಷದ ಮನೆ ಸಾಲವನ್ನು ಒಂಬತ್ತೇ ವರ್ಷಕ್ಕೆ ತೀರಿಸಿದೆನೆಂದು ನನ್ನ ಫೋಟೋವನ್ನು ಬ್ಯಾಂಕಿನ ಹೊರಗೋಡೆಗೆ ಹಾಕಿಸಿದಿರಿ. ಕೆಳಗೆ ‘ಸ್ವಂತ ಶ್ರಮದಿಂದ’ ಎಂದೂ ಬರೆಸಿದಿರಿ. ಮರ್ಯಾದೆ ಯಾರಿಗೆ ಬೇಡ ಸ್ವಾಮಿ? ನಿನ್ನೆ ಮಗಳನ್ನು ಕರೆತಂದು ತೋರಿಸಿದೆ.

ಅವಳು ಗೋಡೆಗೆ ಮೂಗು ತಾಗಿಸಿ ಓದತೊಡಗಿದಳು.

“ಏನಮ್ಮ, ನಿಮ್ಮಪ್ಪನೇ ಹೌದೋ ಅಲ್ವೋ ಅಂತ ನೋಡ್ತಿದ್ದೀಯಾ?” ಎಂದು ನಕ್ಕೆ.

“ದೂರದಿಂದ ಅಕ್ಷರ ಕಾಣಲ್ಲಪ್ಪ. ಎರಡು ವರ್ಷ ಆಯ್ತು.”

“ಹೇಳಬಾರದಿತ್ತಾ?”

“ಏನು ಕೇಳಿದ್ರೂ ‘ಸಾಲ ತೀರಲಿ’ ಅಂತಿದ್ಯಲ್ಲ. ತೀರಲಿ ಅಂತ ಕಾಯ್ತಿದ್ದೆ.”

ನಾನು ಟೈಲರ್. ಗಿರಾಕಿಯ ತೋಳು ಅರ್ಧ ಇಂಚು ಗಿಡ್ಡವಾಗಿದ್ದರೂ ರಸ್ತೆಯ ಆಚೆ ಬದಿಯಿಂದಲೇ ಹಿಡಿಯುವ ಕಣ್ಣು ನನ್ನದು. ಮಗಳು ಪುಸ್ತಕವನ್ನು ಮುಖಕ್ಕೆ ಅಂಟಿಸಿಕೊಂಡು ಓದುವಾಗ ಮಾತ್ರ, ಎಂಥ ಶ್ರದ್ಧೆ ಎಂದು ಬೀಗುತ್ತಿದ್ದೆ.

ಕನ್ನಡಕಕ್ಕೆ ಹೇಳಿ ಬಂದಿದ್ದೇವೆ, ಶನಿವಾರ ಸಿಗುತ್ತದೆ. ದಯವಿಟ್ಟು ಅಷ್ಟರೊಳಗೆ ಆ ಫೋಟೋ ಇಳಿಸಿಬಿಡಿ. ಅವಳು ಶಾಲೆಗೆ ಹೋಗುವುದು ನಿಮ್ಮ ಬ್ಯಾಂಕಿನ ಮುಂದಿನಿಂದಲೇ. ಸೋಮವಾರದಿಂದ ಅವಳಿಗೆ ರಸ್ತೆಯಿಂದಲೇ ಎಲ್ಲ ಕಾಣುತ್ತದೆ.

ಇತಿ,
ಸದ್ಯಕ್ಕೆ ನಿಮ್ಮ ಗೋಡೆಯ ಮೇಲಿರುವ ಟೈಲರ್