ನೀವು ಮುಚ್ಚಿಸಿದ ಎರಡು ತೂತುಗಳು

ಟಾಕೀಸು ಪುನರುಜ್ಜೀವನ ಸಮಿತಿಯ ಮಾನ್ಯ ಅಧ್ಯಕ್ಷರೇ,

ಹಳೆಯ ಟಾಕೀಸನ್ನು ಸಮುದಾಯ ಸಾಂಸ್ಕೃತಿಕ ಕೇಂದ್ರ ಮಾಡುವ ಭರದಲ್ಲಿ ನೀವು ಅದರ ಕಣ್ಣನ್ನೇ ಮುಚ್ಚಿಸಿದ್ದೀರಿ. ಕಣ್ಣಿಗೆ ಮಣ್ಣೆರಚುವವರನ್ನು ಬೇಕಾದಷ್ಟು ನೋಡಿದ್ದೇವೆ. ಸಿಮೆಂಟು ಮೆತ್ತುವವರನ್ನು ನೋಡಿದ್ದು ಇದೇ ಮೊದಲು. ನಿಮ್ಮ ವರದಿ ಹೇಳುತ್ತದೆ: ‘ಮಹಡಿಯ ಕೋಣೆಯ ಎರಡು ತೂತುಗಳನ್ನು ಮುಚ್ಚಿ, ಗೋಡೆಗೆ ಮೂಲ ಸ್ವರೂಪವನ್ನು ಮರಳಿಸಲಾಗಿದೆ.’ ಸ್ವಾಮಿ, ಆ ತೂತುಗಳೇ ಮೂಲ ಸ್ವರೂಪ. ಒಂದರಿಂದ ಪ್ರೊಜೆಕ್ಟರಿನ ಬೆಳಕು ಪರದೆಗೆ ಹೋಗುತ್ತಿತ್ತು, ಇನ್ನೊಂದರಿಂದ ಆಪರೇಟರ್ ಚಿತ್ರ ನೆಟ್ಟಗಿದೆಯೇ ಎಂದು ನೋಡುತ್ತಿದ್ದರು. ವರದಿಗೆ ಸಹಿ ಹಾಕಿದ ತಜ್ಞರಲ್ಲಿ ಒಬ್ಬರಾದರೂ ಸಿನಿಮಾ ನೋಡುವಾಗ ಹಿಂದೆ ತಿರುಗಿ ನೋಡಿರಲಿಲ್ಲವೇ?

ಆ ಆಪರೇಟರ್ ನನ್ನ ಅಪ್ಪ. ಮೂವತ್ತನಾಲ್ಕು ವರ್ಷ ಅದೇ ಕೋಣೆಯಲ್ಲಿ ನಿಂತವರು. ಈಗ ಕಣ್ಣು ಪೂರ್ತಿ ಹೋಗಿದೆ, ಆದರೆ ನಿಮ್ಮ ಉದ್ಘಾಟನೆಯ ದಿನದವರೆಗೂ ಜಂಬ ಹೋಗಿರಲಿಲ್ಲ. ಅಂದು ನೀವೇ ಕರೆಸಿ, ‘ಜೀವಂತ ಪರಂಪರೆ’ ಎಂದು ಮೈಕಿನಲ್ಲಿ ಹೊಗಳಿದಿರಿ. ಭಾಷಣ ಮುಗಿದ ಮೇಲೆ ಅಪ್ಪ ನನ್ನ ಕೈ ಬಿಡಿಸಿಕೊಂಡು ಮೆಟ್ಟಿಲು ಹತ್ತಿದರು. ಎಲ್ಲೂ ಎಡವಲಿಲ್ಲ. ಒಳಗೆ ಹೋಗಿ ಎದೆಯೆತ್ತರಕ್ಕೆ ಕೈ ಚಾಚಿದರು. ಗೋಡೆ. ಪಕ್ಕಕ್ಕೆ ಸವರಿದರು. ಅಲ್ಲೂ ಗೋಡೆ.

“ದಾರಿ ತಪ್ಪಿದೆ ಕಣಮ್ಮ. ಇದು ನನ್ನ ರೂಮಲ್ಲ. ತಲೆ ಕೆಟ್ಟಿದೆ ನಂಗೆ.”

“ರೂಮ್ ಇದೇ ಅಪ್ಪ. ಅವ್ರೇ ಮುಚ್ಚಿಸಿದಾರೆ.”

“ಟಾಕೀಸಲ್ಲಿ ಅದನ್ನ ಯಾರಮ್ಮ ಮುಚ್ತಾರೆ? ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡ.”

ನೋಡಿ, ನಿಮ್ಮ ದಡ್ಡತನ ಎಷ್ಟು ದೊಡ್ಡದೆಂದರೆ, ಅದನ್ನು ನಂಬುವುದಕ್ಕಿಂತ ತನಗೆ ಅರಳುಮರಳು ಎಂದು ನಂಬುವುದೇ ಅಪ್ಪನಿಗೆ ಸುಲಭವಾಯಿತು. ಅಂದಿನಿಂದ ಅವರು ಬಚ್ಚಲಿಗೂ ಒಬ್ಬರೇ ಹೋಗುವುದಿಲ್ಲ. ನಾನು ಕರೆದರೆ, “ನೀನೇ ತಾನೆ?” ಎಂದು ಎರಡೆರಡು ಸಲ ಕೇಳುತ್ತಾರೆ.

ಇದನ್ನೆಲ್ಲ ನಿಮ್ಮ ಕಚೇರಿಗೇ ಬಂದು ಹೇಳಿದೆ. “ಹೇಗೂ ಅವರಿಗೆ ಕಣ್ಣು ಕಾಣಲ್ವಲ್ಲಮ್ಮ, ತೂತಿದ್ದು ಏನುಪಯೋಗ?” ಎಂದಿರಿ. ನಿಮಗೆ ಎರಡೂ ಕಣ್ಣು ಕಾಣುತ್ತವೆ. ಅದರಿಂದ ಟಾಕೀಸಿಗಾದ ಉಪಯೋಗವನ್ನು ಊರೇ ನೋಡುತ್ತಿದೆ.

ವಿಷಾದ ಪತ್ರ ಕಳಿಸಬೇಡಿ. ಗೋಡೆ ಒಡೆಸಿ. ಬೇಗ ಒಡೆಸಿ, ಅಪ್ಪ ದಿನದಿನಕ್ಕೂ ಸೊರಗುತ್ತಿದ್ದಾರೆ. ಒಡೆಸಿದ ದಿನ ಅವರನ್ನು ಮೇಲಕ್ಕೆ ಕರೆದೊಯ್ಯಬೇಕಾದವರು ನಾನಲ್ಲ, ನೀವು. ಅವರ ಕೈಯನ್ನು ಆ ತೂತಿನೊಳಗಿಟ್ಟು ನಿಮ್ಮ ಬಾಯಿಂದಲೇ ಹೇಳಿ, ತಲೆ ಕೆಟ್ಟಿದ್ದು ಅವರಿಗಲ್ಲ, ನಿಮಗೆ ಎಂದು. ನಾನು ಹೇಳಿದರೆ ಅವರು ನಂಬುತ್ತಿಲ್ಲ.

ಇಂತಿ,
‘ನಿಮ್ಮ ವಿಶ್ವಾಸಿ’ ಎಂದು ಬರೆಯಲು ಕೈ ಬಾರದ,
ಹೆತ್ತ ಅಪ್ಪನ ಪಾಲಿಗೆ ಸುಳ್ಳುಬುರುಕಿಯಾದ ಮಗಳು