ಲಾಭ, ಎರಡು, ಮೂರು

ರವೀಂದ್ರನಗರ, ಶಿವಮೊಗ್ಗ
೧೯ ಮೇ ೨೦೦೧, ಶನಿವಾರ

ಪ್ರೀತಿಯ ಮಗಳು ಅಮೂಲ್ಯಾ,

ಆರೋಗ್ಯ ಹೇಗಿದೆ? ಲಡಾಖಿನ ಗಾಳಿಗೆ ತುಟಿ ಒಡೆದು ರಕ್ತ ಬರುತ್ತದೆ ಎಂದು ಹೋದ ಸಲ ಫೋನಿನಲ್ಲಿ ಹೇಳಿದ್ದೆ. ಅವತ್ತಿನಿಂದ ನಿನ್ನ ಅಮ್ಮ ಒಂದು ಡಬ್ಬಿ ತುಪ್ಪ ತುಂಬಿಟ್ಟು, ಪೋಸ್ಟಿನಲ್ಲಿ ಕಳಿಸಿ ಎಂದು ನನ್ನ ಪ್ರಾಣ ತಿನ್ನುತ್ತಿದ್ದಾಳೆ. ತುಪ್ಪವನ್ನು ಪೋಸ್ಟಿನವರು ತಗೊಳ್ಳಲ್ಲ ಮಾರಾಯ್ತಿ ಎಂದರೆ, ಅವಳ ಉತ್ತರ ಕೇಳು: ‘ಅಷ್ಟು ದಪ್ಪ ಬಾತು ಅಲ್ಲಿಂದ ಇಲ್ಲಿಗೆ ಹಾರಿ ಬರುತ್ತೆ, ಒಂದು ಡಬ್ಬಿ ಇಲ್ಲಿಂದ ಅಲ್ಲಿಗೆ ಹೋಗಕ್ಕಾಗಲ್ವ?’ ನಿನ್ನ ಪಟ್ಟೆತಲೆ ಬಾತುಗಳು ಮೊಟ್ಟೆ ಇಟ್ಟವೇ? ನನ್ನ ಕಣ್ಣು ಈಗ ಚೆನ್ನಾಗಿದೆ. ಪೊರೆ ತೆಗೆದ ಮೇಲೆ ಎದುರುಮನೆಯ ಗೋಡೆಯ ಬಿರುಕು ಕೂಡ ಕಾಣುತ್ತಿದೆ. ಇಷ್ಟೆಲ್ಲ ಕಾಣುವುದೂ ಒಂದು ಕಾಟವೇ.

ಇದು ನಾಲ್ಕನೇ ಕಾಗದ. ಮೊದಲಿನ ಮೂರನ್ನು ಹರಿದೆ. ಕೂತರೆ ಕೂರಲಾಗುವುದಿಲ್ಲ, ನಿಂತರೆ ನಿಲ್ಲಲಾಗುವುದಿಲ್ಲ. ದಿನಕ್ಕೆ ಎರಡು ಸಲ ಆಲ್ಕೊಳ ಸರ್ಕಲ್ಲಿನವರೆಗೆ ನಡೆದು, ಅಲ್ಲಿ ಏನೂ ಕೆಲಸವಿಲ್ಲದೆ ವಾಪಸ್ ಬರುತ್ತೇನೆ. ಮೊನ್ನೆ ಬೂದಿಕಟ್ಟೆ ಕೆರೆಗೆ ಹೋಗೋಣವೆಂದು ಭದ್ರಾವತಿ ಬಸ್ಸು ಹತ್ತಿದವನು ಅರ್ಧ ದಾರಿಯಲ್ಲೇ ಇಳಿದು, ಎದುರಿನ ಬಸ್ಸು ಹಿಡಿದು ಮನೆಗೆ ಬಂದೆ. ಕಂಡಕ್ಟರ್ ನನ್ನನ್ನು ನೋಡಿದ ರೀತಿಯಲ್ಲೇ ಮನೆಯಲ್ಲಿ ನಿನ್ನ ಅಮ್ಮ ಕೂಡ ನೋಡಿದಳು. ನೀನಿರುವ ಆ ಸರೋವರದಲ್ಲಿ ಫೋನಿಲ್ಲ, ತಿಂಗಳಿಗೊಮ್ಮೆ ಲೇಹ್‌ಗೆ ಇಳಿದಾಗ ನೀನೇ ಮಾಡಬೇಕು. ಆಗಲೂ ನನಗೆ ಬಾಯಿ ಬರುತ್ತದೋ ಇಲ್ಲವೋ. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ಭಾನುವಾರ ಹುಲಿಗೆಮ್ಮ ಮನೆಗೆ ಬಂದಿದ್ದಳು. ಬೂದಿಕಟ್ಟೆಯಲ್ಲಿ ತೆಪ್ಪ ಹಾಕಿ ಮೀನು ಹಿಡಿಯುವವಳು, ಹಕ್ಕಿ ಎಣಿಕೆಯ ದಿನ ನಮಗೆ ಏರಿ ಮೇಲೆ ಗೋಣಿಚೀಲ ಹಾಸಿಕೊಡುತ್ತಾಳಲ್ಲ, ಅವಳೇ. ಕೈಯಲ್ಲಿ ಒಂದು ಸರ್ಕಾರಿ ನೋಟಿಸು. ಓದಿ ಹೇಳಿ ಎಂದಳು. ಕೆರೆಗೆ ಬರುವ ವಲಸೆ ಹಕ್ಕಿಗಳು ಒಂದೇ ವರ್ಷದಲ್ಲಿ ಎಂಬತ್ತು ಕಡಿಮೆಯಾಗಿರುವುದರಿಂದ, ಬಲೆ ಮತ್ತು ತೆಪ್ಪದ ಗಲಾಟೆಯೇ ಇದಕ್ಕೆ ಕಾರಣವೆಂದು ವರದಿಯಿರುವುದರಿಂದ, ಅವಳ ಮೀನಿನ ಗುತ್ತಿಗೆಯನ್ನು ಮುಂದುವರಿಸುವುದಿಲ್ಲ. ತಕರಾರಿದ್ದರೆ ಇಪ್ಪತ್ತೊಂದನೇ ತಾರೀಕು ಸೋಮವಾರ ಆಫೀಸಿಗೆ ಬಂದು ಹೇಳಬೇಕು. ವರದಿ ನಿನ್ನದು, ಮಗಳೇ. ಅದು ಅವಳಿಗೆ ಗೊತ್ತಿಲ್ಲ. ‘ಸಾವ್ಕಾರ್ರೇ, ದಿನಾ ಬೆಳಿಗ್ಗೆ ಆ ಬಾತುಗಳ ಮಧ್ಯದಲ್ಲೇ ಹೋಗ್ತೀನಿ, ನನ್ನ ಕಂಡ್ರೆ ಕತ್ತು ಕೂಡ ಎತ್ತಲ್ಲ ಅವು. ಎಲ್ಲಿ ಕಮ್ಮಿಯಾದ್ವು? ನೀವು ವರ್ಷಾ ವರ್ಷಾ ಎಣಿಸಿ ಬರೀತೀರಲ್ಲ, ಆ ಪುಸ್ತಕ ಒಂದು ಕೊಡಿ, ಅದನ್ನ ತೋರಿಸಿದ್ರೆ ಅವರು ನಂಬ್ತಾರೆ’ ಎಂದಳು. ಪುಸ್ತಕ ಬೀರುವಿನಲ್ಲಿದೆ, ಕೀಲಿ ನನ್ನ ಸೊಸೆ ತನುಜಾ ಹತ್ತಿರ ಇದೆ, ಅವಳು ಭದ್ರಾವತಿಗೆ ತವರಿಗೆ ಹೋಗಿದ್ದಾಳೆ ಎಂದೆ. ಕಾಫಿ ಕುಡಿದು ಹೋದಳು. ಲೋಟ ತೊಳೆದಿಟ್ಟು ಹೋದಳು.

ತನುಜಾ ಬಂದ ಮೇಲೆ ಪುಸ್ತಕ ತೆಗೆದು ನೋಡಿದೆ. ಎಣಿಕೆಯಲ್ಲಿ ತಪ್ಪಾಗಿದೆ, ಅಮೂ. ಜನವರಿಯ ದೊಡ್ಡ ಎಣಿಕೆಯ ದಿನ ನೀನು ಬಳ್ಳಾರಿ ಕಡೆಯ ಕೆರೆಗಳಿಗೆ ಹೋಗಿದ್ದೆ, ನಮ್ಮ ಕೆರೆ ನಮಗೆ ಬಿಟ್ಟಿದ್ದೆ. ಐದು ವರ್ಷ ಅಸದುಲ್ಲಾ ದುರ್ಬೀನು ಹಿಡಿದು ಹತ್ತು ಹತ್ತಾಗಿ ಎಣಿಸಿ ಕೂಗುತ್ತಿದ್ದ, ನಾನು ಹತ್ತಕ್ಕೊಂದು ಗೆರೆ ಎಳೆಯುತ್ತಿದ್ದೆ. ಈ ವರ್ಷ ನನಗೆ ಕಣ್ಣಿನ ಆಪರೇಷನ್ ಆಗಿದ್ದರಿಂದ ಕಪ್ಪು ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತಿದ್ದೆ, ಗೆರೆ ಎಳೆದವಳು ನಿನ್ನ ಅತ್ತಿಗೆ. ಅಸದುಲ್ಲಾ ನಮ್ಮ ಮಂಡಿಯಲ್ಲಿ ಮೂವತ್ತು ವರ್ಷ ಭತ್ತ ಅಳೆದವನು. ರಾಶಿಯ ಮೊದಲ ಕೊಳಗಕ್ಕೆ ನಾವು ಒಂದು ಎನ್ನುವವರಲ್ಲ, ಲಾಭ ಎನ್ನುವವರು. ಲಾಭ, ಎರಡು, ಮೂರು. ಅವನ ನಾಲಿಗೆಗೆ ಬಾತಾದರೂ ಅಷ್ಟೇ, ಭತ್ತವಾದರೂ ಅಷ್ಟೇ. ಪ್ರತಿ ಹಿಂಡಿಗೂ ಹೊಸದಾಗಿ ಲಾಭ ಎಂದೇ ಶುರುಮಾಡುತ್ತಾನೆ. ತನುಜಾ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ ಬೆಳೆದವಳು, ಅವರ ಮನೆಗೆ ಅಕ್ಕಿ ಬರುತ್ತಿದ್ದದ್ದು ಕೆ.ಜಿ. ಲೆಕ್ಕದಲ್ಲಿ. ಸಾಬರು ಶುರುಮಾಡುವ ಮುಂಚೆ ಒಳ್ಳೆಯ ಮಾತು ಹೇಳುತ್ತಾರೆ ಎಂದುಕೊಂಡು, ಎರಡು ಎಂದಾಗ ಮೊದಲ ಗೆರೆ ಎಳೆದಿದ್ದಾಳೆ. ಅವತ್ತು ಕೆರೆಯಲ್ಲಿದ್ದದ್ದು ಎಂಟು ಹಿಂಡು. ಎಂಟು ಲಾಭ, ಅಂದರೆ ಎಂಟು ಹತ್ತು, ಬಿಟ್ಟುಹೋದವು. ಹೋದ ವರ್ಷ ನಾನೂರ ಹತ್ತು, ಈ ವರ್ಷ ಮುನ್ನೂರ ಮೂವತ್ತು. ಆ ಎಂಬತ್ತು ಬಾತು ಎಲ್ಲಿಗೂ ಹೋಗಿರಲಿಲ್ಲ, ನಮ್ಮ ಕಣ್ಣೆದುರೇ ಈಜುತ್ತಿದ್ದವು. ನಾನು ಕಪ್ಪು ಕನ್ನಡಕದೊಳಗೆ ಕೂತು ಲಾಭ, ಎರಡು ಎಂದು ಕೇಳುತ್ತ, ಹಳೇ ಮಂಡಿಯಲ್ಲೇ ಇದ್ದಂತಾಗಿ ಖುಷಿಪಡುತ್ತಿದ್ದೆ. ಮುದುಕನಿಗೆ ಬೇರೇನು ಬೇಕು.

ಅಸದುಲ್ಲಾನಿಗೆ ಹೇಳಿದೆ. ಬಾತುಗಳನ್ನು ಅವನು ನಮ್ಮೂರಿಗೆ ಬಂದ ನೆಂಟರು, ಮೆಹಮಾನ್ ಎಂದೇ ಕರೆಯುವುದು ನಿನಗೆ ಗೊತ್ತಲ್ಲ. ‘ಮೆಹಮಾನ್ ಹೆಸ್ರು ಹೇಳಿ ಆ ಹೆಂಗಸಿನ ಅನ್ನ ಕಿತ್ಕೊಂಡ್ವಲ್ಲ ಸಾವ್ಕಾರ್ರೇ’ ಎಂದ. ನನಗೆ ಸಿಟ್ಟು ಬಂತು. ನಿನ್ನ ಲಾಭದಿಂದಲೇ ಇಷ್ಟೆಲ್ಲ ಎಂದು ಗದರಿದೆ. ಪಾಪ, ಅವನದೇನು ತಪ್ಪು. ನಿನಗೆ ಇದರಿಂದ ಎಷ್ಟು ಅವಮಾನವಾಗುತ್ತದೋ. ಆರು ವರ್ಷ ಕೆಸರು ತುಳಿದಿದ್ದೀಯ. ಆಫೀಸಿನಿಂದ ಆಫೀಸಿಗೆ ಅಲೆದಿದ್ದೀಯ. ಒಬ್ಬರೂ ನಿನ್ನ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ, ಹಾಕಿಕೊಂಡದ್ದು ಈ ಸಲ, ಈ ತಪ್ಪು ಲೆಕ್ಕ ನೋಡಿ. ಏನು ಮಾಡಬೇಕೆಂದು ನೀನೇ ಹೇಳಬೇಕು.

ಅಮ್ಮನ ಮುತ್ತು, ಅಣ್ಣ ಅತ್ತಿಗೆಯ ನೆನಪು, ಅಸದುಲ್ಲಾನ ಸಲಾಮು. ಶಿವ ನಿನ್ನನ್ನು ಬೆಚ್ಚಗಿಟ್ಟಿರಲಿ. ಎರಡು ಜೊತೆ ಕಾಲುಚೀಲ ಹಾಕಿಕೋ.

ನಿನ್ನ ಅಪ್ಪ,
ಷಡಕ್ಷರಪ್ಪ

ಮರೆತ ಮಾತು: ಕವರು ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಮರೆತದ್ದೂ ಅಲ್ಲ. ನೀನೇ ಹೇಳಬೇಕು ಎಂದು ಬರೆದದ್ದು ನಾಟಕ, ಈ ಕಾಗದ ನಿನಗೆ ತಲುಪಲು ಹನ್ನೆರಡು ದಿನ ಬೇಕು, ಆಫೀಸಿನ ವಿಚಾರಣೆ ನಾಡಿದ್ದು. ತನುಜಾಳನ್ನು ಏನೂ ಅನ್ನಬೇಡ. ಅವಳು ಫೆಬ್ರವರಿಯಲ್ಲೇ, ಹಪ್ಪಳ ಒಣಹಾಕುತ್ತ, ‘ಮಾವ, ಸಾಬ್ರು ಒಂದು ಅಂತ ಯಾಕೆ ಹೇಳಲ್ಲ?’ ಎಂದು ಕೇಳಿದ್ದಳು. ನನಗೆ ಆಗಲೇ ಎಲ್ಲ ಗೊತ್ತಾಯಿತು. ಅದೇ ಸಂಜೆ ನೀನು ಫೋನು ಮಾಡಿ, ‘ಅಪ್ಪ, ಕೊನೆಗೂ ನನ್ನ ವರದಿ ತಗೊಂಡ್ರು’ ಎಂದು ನಕ್ಕೆ. ಎಷ್ಟು ವರ್ಷವಾಗಿತ್ತು ನೀನು ಹಾಗೆ ನಕ್ಕು. ಹಕ್ಕಿ ಕಡಿಮೆ ಎಂದಾದರೆ ಕೆರೆಗೆ ಒಳ್ಳೆಯದೇ ಆಗುತ್ತದಲ್ಲ, ಯಾರಿಗೇನು ನಷ್ಟ ಎಂದುಕೊಂಡು ಸುಮ್ಮನಾದೆ. ಹುಲಿಗೆಮ್ಮನ ನೆನಪೇ ಬರಲಿಲ್ಲ. ತಪ್ಪನ್ನು ಅಳಿಸಬಾರದು, ಪಕ್ಕದಲ್ಲಿ ಬರೆಯಬೇಕು ಎಂದು ನೀನು ಕಲಿಸಿದ್ದೀಯ. ಪುಸ್ತಕದಲ್ಲಿ ಹಾಗೇ ಬರೆದು ನನ್ನ ಸಹಿ ಹಾಕಿದ್ದೇನೆ. ಸೋಮವಾರ ಅದನ್ನು ಹುಲಿಗೆಮ್ಮನ ಕೈಗೆ ಕೊಟ್ಟು, ಅವಳ ಜೊತೆಗೇ ಆಫೀಸಿಗೆ ಹೋಗುತ್ತೇನೆ. ಅಂದಹಾಗೆ, ಅವಳು ಪುಸ್ತಕ ಕೇಳಿಕೊಂಡು ಬಂದ ದಿನ ಬೀರುವಿನ ಕೀಲಿ ತನುಜಾ ಹತ್ತಿರ ಇರಲಿಲ್ಲ. ನನ್ನ ಉಡುದಾರದಲ್ಲೇ ಇತ್ತು.